ಯುದ್ಧಕ್ಲೇಶ ಮತ್ತು ಆರೋಗ್ಯ: ಶ್ರೀರಂಗಪಟ್ಟಣ ಸೀಮೆ

ಯುದ್ಧಕಾಲದಲ್ಲಿ ನಿರಾಯುಧರಾದ ಪ್ರಜೆಗಳ ಮೇಲೂ ಸೆರೆಸಿಕ್ಕ ಯೋಧರ ಮೇಲೂ ನಡೆಯುವ ಕ್ರೌರ್ಯವು, ಕಾಳಗ ಮುಗಿದು ಸಂಧಿಪತ್ರಕ್ಕೆ ಮುದ್ರೆ ಬಿದ್ದ ಮೇಲೂ, ಬದುಕಿ ಉಳಿದವರ ದೇಹದಲ್ಲಿ, ಮನಸ್ಸಿನಲ್ಲಿ, ಅವರ ಮಕ್ಕಳ ಬೆಳವಣಿಗೆಯಲ್ಲಿ ಬಹುಕಾಲ ಉಳಿಸಿಹೋಗುವ ವಿಕಾರಗಳನ್ನು ಇಲ್ಲಿ ಯುದ್ಧಕ್ಲೇಶವೆಂಬ ಹೆಸರಿನಿಂದ ನಿರ್ದೇಶಿಸಲಾಗಿದೆ. ಈ ವಿಷಯವನ್ನು ಕನ್ನಡನಾಡಿನಲ್ಲಿ ನಿಂತು ನೋಡಬೇಕೆಂಬವನಿಗೆ ಕಾವೇರಿ, ಹೇಮಾವತಿ, ಲೋಕಪಾವನಿಗಳ ನಡುವಣ ನಾಲ್ಕು ತಾಲ್ಲೂಕುಗಳಿಗಿಂತ, ಎಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಿಗಿಂತ ಉಚಿತವಾದ ಕ್ಷೇತ್ರ ಬೇರೆ ದೊರೆಯದು. 1771ರಿಂದ 1799ರವರೆಗಿನ ಇಪ್ಪತ್ತೆಂಟು ವರ್ಷಗಳಲ್ಲಿ ಈ ಸೀಮೆಯ ಮೇಲೆ ಮರಾಠರ, ನಿಜಾಮನ, ಇಂಗ್ಲಿಷರ ದಂಡುಗಳೂ ಸ್ವಂತ ದೊರೆಗಳ ದಂಡುಗಳೂ ಒಂದರ ಹಿಂದೊಂದರಂತೆ ಹಾದುಹೋದುವು. ಇಂದು ಪಾಂಡವಪುರವಾಗಿರುವ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಅಂಟಿಕೊಂಡದ್ದೂ ಅಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಸೈನಿಕರ ನೆನಪಿನಿಂದಲೇ. ಕೃಷ್ಣರಾಜಪೇಟೆಯು ಆಗಿನ್ನೂ ಅತ್ತಿಕುಪ್ಪೆಯಾಗಿತ್ತು.

ಮೊದಲು ಒಂದು ಮಾತಿನ ಬಗೆಗೆ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಮೈಸೂರಿನ ರೆಸಿಡೆಂಟನಾಗಿದ್ದು ಈ ದೇಶದ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸನು, ಶತ್ರುಸೈನ್ಯ ಸಮೀಪಿಸುತ್ತಿದೆಯೆಂಬ ಸುದ್ದಿ ಬಂದೊಡನೆ ಊರಿಗೆ ಊರೇ ಎದ್ದು ಕಾಡುಗುಡ್ಡಗಳ ಪಾಲಾಗುವ ರೂಢಿಯನ್ನು ವರ್ಣಿಸುವಾಗ, ಅದಕ್ಕೆ ತನ್ನ ಭಾಷೆಯಲ್ಲಿ ಸಮಾನಪದ ಕಾಣದೆ ಕನ್ನಡದ ‘ವಲಸೆ’ ಎಂಬ ಮಾತನ್ನೇ ಉಳಿಸಿಕೊಂಡನು. ಭಾರವಾದ ಸಾಮಾನನ್ನು ನೆಲದಲ್ಲಿ ಹೂಳುವುದು, ನಡೆಯಬಲ್ಲ ಹುಡುಗರ ತಲೆಯ ಮೇಲೂ ಅವರ ಶಕ್ತಿಗೆ ತಕ್ಕಷ್ಟು ಧಾನ್ಯದ ಗಂಟನ್ನು ಹೊರಿಸುವುದು, ಕೈಗೂಸನ್ನು ತಾಯಿ ಕಂಕುಳಲ್ಲಿರಿಸಿಕೊಳ್ಳುವುದು, ಹೊತ್ತ ಧಾನ್ಯ ತೀರುವುದರೊಳಗಾಗಿ ದಂಡು ಹೋದರೆ ಹಿಂದಿರುಗುವುದು, ಹೋಗದಿದ್ದರೆ ಕಾಡಿನಲ್ಲಿಯೇ ಸೊರಗುವುದು, ಇದು ಆ ಒಂದು ಮಾತಿನ ಅರ್ಥವಾಗಿತ್ತು. ಈಗ ನಾವು ಹೊಟ್ಟೆಪಾಡಿಗಾಗಿ ಬೆಂಗಳೂರಿಗೆ ಹೋಗುವುದಕ್ಕೂ, ಚಳಿಗಾಲದಲ್ಲಿ ಕೊಕ್ಕರೆಬೆಳ್ಳೂರಿಗೆ ಹಕ್ಕಿಗಳು ಬರುವುದಕ್ಕೂ ಅದೇ ಮಾತನ್ನು ಬಳಸುತ್ತೇವೆ. ಪದವು ಸೌಮ್ಯವಾಯಿತೆಂದು ಅದರ ಹಿಂದಿನ ಹಸಿವನ್ನು ಮರೆಯಲಾಗದು.

1771ರ ಮಾರ್ಚಿ 5ರಂದು, ಮೇಲುಕೋಟೆಯ ಬೆಟ್ಟದಿಂದ ರಾತ್ರೋರಾತ್ರಿ ಇಳಿದು ಶ್ರೀರಂಗಪಟ್ಟಣಕ್ಕೆ ಹಿಂಜರಿಯುತ್ತಿದ್ದ ಹೈದರಲಿಯ ಸೈನ್ಯವನ್ನು ತ್ರ್ಯಂಬಕರಾಯನ ಮರಾಠರು ಚಿನಕುರಳಿಯ ಬಳಿಯಲ್ಲಿ ನುಚ್ಚುನೂರು ಮಾಡಿದರು. ಗೆದ್ದವರು ಅನಂತರ ಮೇಲುಕೋಟೆಯನ್ನು ಸುಲಿದು, ಕಬ್ಬಿಣದ ಪಟ್ಟಿಗಳ ಆಸೆಗಾಗಿ ದೇವರ ಮರದ ತೇರುಗಳಿಗೆ ಬೆಂಕಿಯಿಟ್ಟರು. ಇಪ್ಪತ್ತು ವರ್ಷಗಳ ಮೇಲೆ ಟಿಪ್ಪುಸುಲ್ತಾನನು, ಬೆಂಗಳೂರಿನಿಂದ ಬರುತ್ತಿದ್ದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಮೇವುಧಾನ್ಯಗಳು ಸಿಕ್ಕಬಾರದೆಂದು ತನ್ನ ದೇಶದ ಹಳ್ಳಿಗಳನ್ನೇ ಸುಟ್ಟು ಬಯಲು ಮಾಡಿಸಿದನು. 1791ರ ಮೇ ತಿಂಗಳಿನಲ್ಲಿ ಆ ಸೈನ್ಯವು ಅರಕೆರೆಯಲ್ಲಿ ಗೆದ್ದೂ ಮುತ್ತಿಗೆ ಹಾಕಲಾರದೆ, ಎತ್ತುಗಳು ರೋಗದಿಂದಲೂ ಹಸಿವಿನಿಂದಲೂ ರಾಶಿರಾಶಿಯಾಗಿ ಬಿದ್ದು ಸಾಯಲು, ಕನ್ನಂಬಾಡಿಯ ಬಳಿ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದೆ ಸರಿಯಿತು. ಶಿಬಿರದಲ್ಲಿ ಸಿಡುಬು ಎದ್ದಿತ್ತು. ನಾಗಮಂಗಲವು ಅದೇ ಯುದ್ಧದಲ್ಲಿ ಮರಾಠರ ಕೈಯಿಂದ ಹಾಳಾಯಿತು. ಯಾವ ಧ್ವಜದ ಕೆಳಗಿನ ದಂಡೂ ಈ ಸೀಮೆಯ ರೈತನ ಪಾಲಿಗೆ ಸ್ನೇಹಿತನಾಗಿರಲಿಲ್ಲವೆಂಬುದನ್ನು, ಇಂದಿನ ವಾದವಿವಾದಗಳ ನಡುವೆಯೂ, ಸ್ಪಷ್ಟವಾಗಿ ಹೇಳಬೇಕಾಗಿದೆ.

ಈ ಕಡೆಯ ರೈತರು ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದುದು ಹಿರಿಯರಿಗೆ ನೆನಪಿದೆ. ಗಟ್ಟಿನೆಲವನ್ನು ಆಳವಾಗಿ ತೋಡಿ, ಒಳಗೋಡೆಗೆ ಹುಲ್ಲನ್ನು ಒತ್ತಿ, ರಾಗಿ ಸುರಿದು, ಕಿರಿದಾದ ಬಾಯನ್ನು ಕಲ್ಲುಚಪ್ಪಡಿಯಿಂದ ಮುಚ್ಚಿ ಮೇಲೆ ಮಣ್ಣೆಳೆದರೆ ಧಾನ್ಯವು ವರ್ಷಗಟ್ಟಲೆ ಹುಳುಹಿಡಿಯದೆ ನಿಲ್ಲುತ್ತಿತ್ತು. ತೆರೆದ ದಿನ ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಬರಗಾಲಕ್ಕೆಂದು ಮಾಡಿದ ಈ ಏರ್ಪಾಡು ದಂಡಿನ ಕಾಲದಲ್ಲಿ ಬಚ್ಚಿಡುವ ಗುಳಿಯಾಯಿತು. ಆದರೆ ಕಬ್ಬಿಣದ ಸಲಾಕಿಯಿಂದ ನೆಲವನ್ನು ಚುಚ್ಚಿ ಧಾನ್ಯವನ್ನು ಪತ್ತೆಹಚ್ಚುವ ವಿದ್ಯೆ ಲೂಟಿಗಾರರಿಗೂ ತಿಳಿದಿತ್ತು. ಹಗೇವು ಹೋಯಿತೆಂದರೆ ಒಂದು ವರ್ಷದ ಊಟ, ಮುಂದಿನ ಬಿತ್ತನೆ, ಬಸುರಿಯ ಬಾಯಿಗೆ ಬೀಳಬೇಕಾದ ಮುದ್ದೆ, ಎಲ್ಲವೂ ಒಮ್ಮೆಗೇ ಹೋದಂತೆ.

ಬಸುರಿಯ ಹಸಿವು ಅವಳೊಂದಿಗೆ ತೀರುವುದಿಲ್ಲವೆಂಬುದನ್ನು ವೈದ್ಯಶಾಸ್ತ್ರವು ನಿಶ್ಚಯವಾಗಿ ಅರಿತುಕೊಂಡುದು ಇಪ್ಪತ್ತನೆಯ ಶತಮಾನದಲ್ಲಿ. 1944–45ರ ಚಳಿಗಾಲದಲ್ಲಿ ಜರ್ಮನ್ ಆಕ್ರಮಣಕಾರರು ಆಹಾರ ಸಾಗಣೆಯನ್ನು ತಡೆದು ಹಾಲೆಂಡಿನ ಪಶ್ಚಿಮಭಾಗವನ್ನು ಹಸಿವಿಗೆ ಗುರಿಮಾಡಿದಾಗ ಗರ್ಭದಲ್ಲಿದ್ದ ಶಿಶುಗಳನ್ನು ದಶಕಗಳ ಕಾಲ ಅನುಸರಿಸಿ ನೋಡಿದ ವಿದ್ವಾಂಸರಿಗೆ, ಅವರಲ್ಲಿ ಸಕ್ಕರೆಕಾಯಿಲೆಯ ಪ್ರವೃತ್ತಿಯೂ ಹೃದ್ರೋಗವೂ ಕೆಲವು ಮಾನಸಿಕ ವ್ಯಾಧಿಗಳೂ ಅಧಿಕವಾಗಿರುವುದು ಕಂಡಿತು. ಆರು ದಶಕಗಳ ಅನಂತರ ಅವರ ರಕ್ತವನ್ನು ಪರೀಕ್ಷಿಸಿದಾಗ, ಬೆಳವಣಿಗೆಗೆ ಸಂಬಂಧಿಸಿದ ಒಂದು ವಂಶವಾಹಿಯ ಮೇಲಣ ರಾಸಾಯನಿಕ ಗುರುತು ಅವರ ಒಡಹುಟ್ಟಿದವರಲ್ಲಿ ಇದ್ದಂತಿರಲಿಲ್ಲವೆಂದು 2008ರಲ್ಲಿ ಪ್ರಕಟವಾಯಿತು.

ಇದಕ್ಕೆ ಸಮೀಪದ ಸಾಕ್ಷ್ಯವು ಶ್ರೀರಂಗಪಟ್ಟಣದಿಂದ ಹದಿನೈದು ಕಿಲೋಮೀಟರಿನಷ್ಟು ದೂರದಲ್ಲಿಯೇ ಇದೆ. ಮೈಸೂರಿನವರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ 1934ರಿಂದ ಪ್ರತಿಯೊಂದು ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಪ್ಪ ದಫ್ತರುಗಳಲ್ಲಿ ಬರೆದಿಡುತ್ತ ಬಂದರು. ಆ ದಫ್ತರುಗಳನ್ನು ಹಿಡಿದು, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ ಇನ್ನೂ ಹತ್ತಿರದಲ್ಲಿಯೇ ವಾಸವಾಗಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ವರದಿಯು 1996ರಲ್ಲಿ ಹೊರಬಂದಿತು. ಹುಟ್ಟಿದಾಗ ಎರಡೂವರೆ ಕಿಲೋಗಿಂತ ಹೆಚ್ಚಿಲ್ಲದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ರೋಗವಿದ್ದರೆ, ಮೂರು ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ ಇತ್ತು. ಈ ಶಿಶುಗಳು ಯುದ್ಧದ ಮಕ್ಕಳಲ್ಲವೆಂಬುದು ನಿಜ. ಆದರೂ ತಾಯಿಯ ಬಡಕಲುತನ ಮಗುವಿನ ನಡುವಯಸ್ಸಿನ ಎದೆನೋವಾಗಿ ಪರಿಣಮಿಸುವ ದಾರಿಯೊಂದು ಇದೇ ಮಣ್ಣಿನ ಜನರ ದೇಹದಲ್ಲಿ ತೋರಿಬಂದ ಮೇಲೆ, 1791ರಲ್ಲಿ ಕಾಡಿನಲ್ಲಿ ಸೊರಗಿದ ಬಸುರಿಯರ ಮಕ್ಕಳು ಎಂತಹ ದೇಹ ಹೊತ್ತು ಬೆಳೆದಿರಬೇಕೆಂಬುದನ್ನು ಊಹಿಸಲು ನಮಗೆ ಆಧಾರ ದೊರೆತಂತಾಯಿತು.

ಸೆರೆಯಾಳುಗಳ ಸಂಗತಿ ಬೇರೆ ಬಗೆಯದು. 1779ರಲ್ಲಿ ಚಿತ್ರದುರ್ಗ ಬಿದ್ದಾಗ ಹೈದರಲಿಯು ಬೇಡರ ಸಂಸಾರಗಳನ್ನು, ಸುಮಾರು 20,000 ಜನರನ್ನು, ಶ್ರೀರಂಗಪಟ್ಟಣಕ್ಕೆ ಸಾಗಿಸಿ ಅವರ ಹುಡುಗರನ್ನು ಸೆರೆಹುಡುಗರ ದಂಡಾದ ಚೇಲಾ ಪಟಾಲಮುಗಳಿಗೆ ಸೇರಿಸಿದನು. 1784ರಲ್ಲಿ ಟಿಪ್ಪುಸುಲ್ತಾನನ ಆಜ್ಞೆಯಂತೆ ದಕ್ಷಿಣ ಕನ್ನಡದ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಇಲ್ಲಿಗೆ ತಂದರು. ಅವರ ಸಂಖ್ಯೆ 30,000ವೆಂದು ಕೆಲವರು, 60,000ಕ್ಕೂ ಮೇಲೆಂದು ಕೆಲವರು ಬರೆದಿದ್ದಾರೆ. ದಾರಿಯಲ್ಲಿ ಸತ್ತವರೂ ಇಲ್ಲಿ ಜ್ವರಕ್ಕೂ ದಂಡನೆಗೂ ತುತ್ತಾದವರೂ ಹೋಗಿ, 1799ರ ಅನಂತರ ಕರಾವಳಿಗೆ ಹಿಂದಿರುಗಿದವರು ಅಲ್ಪಭಾಗ ಮಾತ್ರ. ಕೊಡಗಿನಿಂದ ಹಿಡಿದುತಂದವರಲ್ಲಿ ಸಾವಿರಾರು ಜನರು 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ದ್ವೀಪಕ್ಕೆ ನುಗ್ಗಿದಾಗಿನ ಗೊಂದಲದಲ್ಲಿ ತಪ್ಪಿಸಿಕೊಂಡು ಹೆಂಡಿರುಮಕ್ಕಳೊಡನೆ ತಮ್ಮ ಬೆಟ್ಟಗಳಿಗೆ ನಡೆದುಬಿಟ್ಟರು.

ಕೋಟೆಯ ಉತ್ತರಕ್ಕೆ, ರಂಗನಾಥಸ್ವಾಮಿಯ ಗುಡಿಯಿಂದ ಹೆಚ್ಚು ದೂರವಿಲ್ಲದೆ, ಹೊಳೆಯ ಮಗ್ಗುಲಲ್ಲಿ ಬೈಲಿಯ ಸೆರೆಮನೆಯೆಂದು ಜನ ಕರೆಯುವ ನೆಲಮಾಳಿಗೆಯಿದೆ. ಮೆಟ್ಟಿಲಿಳಿದು ಒಳಹೊಕ್ಕರೆ ಮೇಲೆ ಇಟ್ಟಿಗೆಗಾರೆಯ ತಗ್ಗು ಕಮಾನುಗಳು, ಕೆಳಗೆ ತಣ್ಣನೆಯ ನೆಲ. ಗೋಡೆಯಿಂದ ಮುಂಚಾಚಿದ ಕಲ್ಲುಚಪ್ಪಡಿಗಳಲ್ಲಿ ಜೋಡಿಜೋಡಿಯಾಗಿ ತೂತುಗಳು. ಕೈಗಳನ್ನು ಬಿಗಿದ ಸರಪಣಿ ಆ ತೂತುಗಳಲ್ಲಿ ಹಾಯುತ್ತಿತ್ತೆಂದು ಸ್ಥಳೀಯರು ತೋರಿಸುತ್ತಾರೆ. ಒಬ್ಬ ಮನುಷ್ಯ ತೋಳುಗಳನ್ನು ಚಾಚಿ ನಿಂತರೆ ತೂತುಗಳು ಅವನ ಮಣಿಕಟ್ಟಿನ ಎತ್ತರಕ್ಕೆ ಬರುತ್ತವೆ. ಬೇಸಿಗೆಯಲ್ಲಿಯೂ ಅಲ್ಲಿನ ಕಲ್ಲು ಬೆಚ್ಚಗಾಗುವುದಿಲ್ಲ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಸೋತು ಸೆರೆಸಿಕ್ಕ ಇಂಗ್ಲಿಷರ ಕರ್ನಲ್ ವಿಲಿಯಂ ಬೈಲಿಯು 1782ರ ನವೆಂಬರಿನಲ್ಲಿ ಇದೇ ಪಟ್ಟಣದಲ್ಲಿ ಸತ್ತನು. ಅವನೊಡನೆ ಸೆರೆಯಾದ ಡೇವಿಡ್ ಬೇರ್ಡನು ಮೂರೂವರೆ ವರ್ಷಕ್ಕೂ ಮೇಲ್ಪಟ್ಟು ಸಂಕೋಲೆಯಲ್ಲಿದ್ದು ಬಿಡುಗಡೆ ಹೊಂದಿ, 1799ರ ಮೇ 4ರಂದು ಅದೇ ಕೋಟೆಯ ಮೇಲಿನ ಲಗ್ಗೆಗೆ ತಾನೇ ಮುಂದಾಳಾದನು. ಆ ರಾತ್ರಿ ಅವನ ಸೈನ್ಯವು ಪಟ್ಟಣವನ್ನು ಸುಲಿದ ಬಗೆಯು, ಸುಲಿಗೆಯಾಗದ ಮನೆಯೇ ಇಲ್ಲವೆಂಬಷ್ಟು ಘೋರವಾಗಿತ್ತು. ಮರುದಿನ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ತನ್ನ ಸೈನಿಕರಲ್ಲಿಯೇ ಕೆಲವರನ್ನು ಗಲ್ಲಿಗೇರಿಸಿದ ಮೇಲೆ ಲೂಟಿ ನಿಂತಿತು.

ಆ ಸೆರೆಯ ಕಥನಗಳನ್ನು ಬರೆದು ಅಚ್ಚುಹಾಕಿಸಿದವರೆಲ್ಲರೂ ಯುರೋಪಿಯನ್ನರು. ಅವರ ಪೈಕಿ ಜೇಮ್ಸ್ ಸ್ಕರಿಯ ಕಥನವು ವೈದ್ಯರ ದೃಷ್ಟಿಯಿಂದ ಬೆಲೆಯುಳ್ಳದ್ದು. ಹಡಗಿನ ಹುಡುಗನಾಗಿದ್ದಾಗ ಫ್ರೆಂಚರ ಕೈಗೆ ಸಿಕ್ಕಿ, ಅವರಿಂದ 1782ರಲ್ಲಿ ಹೈದರಲಿಯ ವಶವಾಗಿ, ಸುಮಾರು ಹತ್ತು ವರ್ಷ ಈ ಪಟ್ಟಣದಲ್ಲಿ ಚೇಲಾ ಸಿಪಾಯಿಯಾಗಿ ಬೆಳೆದ ಅವನು, ತಪ್ಪಿಸಿಕೊಂಡು ತನ್ನವರನ್ನು ಸೇರಿದಾಗ ಕುರ್ಚಿಯಲ್ಲಿ ಕೂರುವುದನ್ನೂ ಚೂರಿ ಮುಳ್ಳುಚಮಚ ಹಿಡಿಯುವುದನ್ನೂ ಮರೆತಿದ್ದನು. ತಾಯ್ನುಡಿಯು ಅವನ ನಾಲಗೆಯಲ್ಲಿ ತೊದಲುತ್ತಿತ್ತು. ಆದರೆ ಪೊಳ್ಳಿಲೂರಿನಲ್ಲಿ ಬೈಲಿಯ ಪಡೆಯ ಬಹುಪಾಲು ಜನ ದೇಶೀಯ ಸಿಪಾಯಿಗಳು. ಅವರಲ್ಲಿ ಸೆರೆಯಾದವರ ಕಥನವೊಂದೂ ಅಚ್ಚಾಗಲಿಲ್ಲ. ಬೇಡರ ಹುಡುಗರ ಕಥನವೂ ಇಲ್ಲ. ಊರಿಗೆ ಹಿಂದಿರುಗಿದ ಸಿಪಾಯಿಯು ರಾತ್ರಿ ಬೆಚ್ಚಿಬಿದ್ದು ಎದ್ದಾಗ ಮನೆಯವರು ‘ಗಾಳಿ ಸೋಕಿದೆ’ ಎಂದು ಯಂತ್ರ ಕಟ್ಟಿಸಿರಬೇಕು, ವಿಭೂತಿ ಹಚ್ಚಿರಬೇಕು. ಅದು ಅಜ್ಞಾನವೆಂದು ನಗುವಂತಹುದಲ್ಲ, ನೋವಿಗೆ ಒಂದು ಹೆಸರನ್ನೂ ಅದರ ಸುತ್ತ ನಾಲ್ಕು ಜನರನ್ನೂ ಸೇರಿಸುತ್ತಿದ್ದ ಚಿಕಿತ್ಸೆ ಅದು. ಪಾಶ್ಚಾತ್ಯ ವೈದ್ಯರೂ ಇದೇ ವಿಕಾರಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಸೈನಿಕನ ಹೃದಯರೋಗವೆಂದೂ, ಮೊದಲ ಮಹಾಯುದ್ಧದಲ್ಲಿ ಷೆಲ್ ಷಾಕ್ ಎಂದೂ ಹೆಸರು ಬದಲಿಸುತ್ತ ಬಂದು, ಆಘಾತೋತ್ತರ ಮನೋವ್ಯಾಧಿಯೆಂದು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಸೇರಿಸಿದ್ದು 1980ರಲ್ಲಿ. ನಿದ್ರಾಭಂಗ, ಹಳೆಯ ದೃಶ್ಯದ ಪುನರಾವೃತ್ತಿ, ಸಣ್ಣ ಸದ್ದಿಗೂ ಮೈ ಜುಮ್ಮೆನ್ನುವುದು, ಪ್ರೀತಿಪಾತ್ರರ ನಡುವೆಯೂ ಮನಸ್ಸು ಮರಗಟ್ಟುವುದು ಇದರ ಮುಖ್ಯ ಲಕ್ಷಣಗಳು. ದೀರ್ಘಕಾಲ ಇಂತಹ ಎಚ್ಚರದಲ್ಲಿರುವ ದೇಹದಲ್ಲಿ ರಕ್ತದ ಒತ್ತಡವೂ ಹೃದ್ರೋಗವೂ ಹೆಚ್ಚುವುದು ಪುನಃಪುನಃ ಕಂಡುಬಂದಿದೆ. ಸೆರೆಯ ಸೋಂಕು ಕೂಡ ದೇಹದಲ್ಲಿ ಅಡಗಿಕೂರಬಲ್ಲದು: ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಬರ್ಮಾ ರೈಲುಮಾರ್ಗದಲ್ಲಿ ದುಡಿಸಿದ ಸೆರೆಯಾಳುಗಳ ಕರುಳಿನಲ್ಲಿ ಅಲ್ಲಿಯ ಹುಳುವು ಮೂವತ್ತು ವರ್ಷಗಳ ಮೇಲೂ ಜೀವಂತವಾಗಿತ್ತು.

ತಂದೆಯ ಸೆರೆ ಮಗನಿಗೆ ತಗಲುವುದೇ? ಅಮೆರಿಕದ ಅಂತರ್ಯುದ್ಧದಲ್ಲಿ ಸೆರೆಶಿಬಿರಗಳ ಹಸಿವನ್ನುಂಡು ಬದುಕಿದವರ ಮಕ್ಕಳನ್ನು ಕುರಿತು ಡೋರಾ ಕೋಸ್ಟ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯುದ್ಧದ ಅನಂತರ ಹುಟ್ಟಿದ ಗಂಡುಮಕ್ಕಳ ಮರಣಪ್ರಮಾಣವು ಸೆರೆಯಾಗದ ಯೋಧರ ಗಂಡುಮಕ್ಕಳಿಗಿಂತ ಸುಮಾರು ನೂರಕ್ಕೆ ಹನ್ನೊಂದು ಪಾಲು ಅಧಿಕವಾಗಿದ್ದಿತು. ಹೆಣ್ಣುಮಕ್ಕಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ತಾಯಿಗೆ ಗರ್ಭಕಾಲದಲ್ಲಿ ಒಳ್ಳೆಯ ಆಹಾರ ದೊರೆತಿದ್ದರೆ ಆ ಕೇಡು ತಗ್ಗಿದಂತೆಯೂ ತೋರಿತು. ಜರ್ಮನಿಯ ಯೆಹೂದಿಹತ್ಯೆಯಿಂದ ಉಳಿದವರ ಸಂತಾನದಲ್ಲಿ ಕಾರ್ಟಿಸಾಲ್ ರಸದ ವ್ಯತ್ಯಾಸವನ್ನು ಕಂಡಿರುವ ರೇಚಲ್ ಯೆಹೂದಾ ಅವರ ಸಂಶೋಧನೆಗಳು ಪ್ರಸಿದ್ಧವಾಗಿವೆ. ಆದರೆ ಅವು ಅಲ್ಪಸಂಖ್ಯೆಯ ಜನರನ್ನು ಕುರಿತವಾದ್ದರಿಂದ, ಅವನ್ನೇ ಆಧರಿಸಿ ದುಃಖವು ರಕ್ತದಲ್ಲಿಯೇ ಇಳಿದುಬರುತ್ತದೆಂದು ಸಾರುವುದು ಅವಸರವೆಂದೇ ಈ ಲೇಖಕನ ಅಭಿಪ್ರಾಯ. ಮಗುವಿಗೆ ತಂದೆಯ ಮೌನ, ತಾಯಿಯ ದಿಗಿಲು, ಮನೆಯ ದಾರಿದ್ರ್ಯಗಳೂ ಬಳುವಳಿಯಾಗಿ ಬರುತ್ತವೆ; ಅವುಗಳ ಬಲವು ವಂಶವಾಹಿಗಳ ಬಲಕ್ಕಿಂತ ಕಡಿಮೆಯದಲ್ಲ.

ಯುದ್ಧವು ಈ ಸೀಮೆಗೆ ಬಿಟ್ಟುಹೋದ ಅತ್ಯಂತ ಪ್ರತ್ಯಕ್ಷವಾದ ವ್ಯಾಧಿ ಚಳಿಜ್ವರ. ನಾಲೆಗಳ ದುರಸ್ತಿ ನಿಂತು ಏರಿ ಒಡೆದಲ್ಲಿ ನೀರು ತಗ್ಗಿನಲ್ಲಿ ಮಲೆಯುತ್ತದೆ. ಜನವಿಲ್ಲದ ಊರಿನ ಬಾವಿ, ಕಂದಕ, ಬಿದ್ದ ಕೋಟೆಯ ಹಳ್ಳಗಳು ಸೊಳ್ಳೆಯ ತವರಾಗುತ್ತವೆ. 1800ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕನನ್, ಟಿಪ್ಪುವಿನ ಕಾಲದಲ್ಲಿ ಲಕ್ಷವನ್ನು ಮೀರಿ ಜನವಿತ್ತೆಂದು ಹೇಳುತ್ತಿದ್ದ ದ್ವೀಪದಲ್ಲಿ ಉಳಿದವರು ಸುಮಾರು 32,000 ಮಂದಿಯೆಂದು ಎಣಿಸಿದನು. ಗೆದ್ದ ಇಂಗ್ಲಿಷರ ಕಾವಲುಪಡೆಯೇ ಜ್ವರದ ಹೊಡೆತವನ್ನು ತಾಳಲಾರದೆ 1809ರಲ್ಲಿ ಬೆಂಗಳೂರಿಗೆ ಸ್ಥಳಾಂತರ ಹೊಂದಿತು; ಬೆಂಗಳೂರಿನ ದಂಡುಪ್ರದೇಶದ ಹುಟ್ಟಿಗೆ ಕಾರಣ ಶ್ರೀರಂಗಪಟ್ಟಣದ ಸೊಳ್ಳೆಯೆಂದರೆ ಅತಿಶಯೋಕ್ತಿಯಾಗದು. ಬಿಟ್ಟುಹೋಗಲು ದಂಡಿಗೆ ಬೇರೊಂದು ಊರಿತ್ತು. ದ್ವೀಪದಲ್ಲಿಯೇ ಇರುವ ಗಂಜಾಮಿನ ನೇಯ್ಗೆಯವನಿಗೂ ಅರಕೆರೆಯ ಒಕ್ಕಲಿಗನಿಗೂ ಇರಲಿಲ್ಲ. ಹೊಟ್ಟೆಯ ಎಡಮಗ್ಗುಲು ಉಬ್ಬಿ ‘ಜ್ವರಗೆಡ್ಡೆ’ ಕಟ್ಟಿದ ಮಕ್ಕಳು, ಬಿಳಿಚಿಕೊಂಡ ಬಾಣಂತಿಯರು, ಕಟಾವಿನ ಕಾಲಕ್ಕೆ ಸರಿಯಾಗಿ ನಡುಕ ಹಿಡಿದು ಮಲಗುವ ಆಳುಗಳು, ಇವರು ತಲೆಮಾರುಗಳ ಪರ್ಯಂತ ಇಲ್ಲಿನ ಸಾಮಾನ್ಯ ದೃಶ್ಯವಾದರು. ಬಸುರಿಗೆ ಬಂದ ಚಳಿಜ್ವರವು ಶಿಶುವಿನ ತೂಕವನ್ನು ಇಳಿಸುತ್ತದೆ. ಹಾಗಾಗಿ ಹಿಂದೆ ಹೇಳಿದ ದಫ್ತರಿನ ಪಾಠವು ಇಲ್ಲಿಯೂ ಅನ್ವಯಿಸುತ್ತದೆ. ಮುಂದೆ ಪ್ಲೇಗೂ ಬಂದು, 1901ರ ಜನಗಣತಿಯ ವೇಳೆಗೆ ಪಟ್ಟಣದಲ್ಲಿ ಒಂಬತ್ತು ಸಾವಿರ ಜನರೂ ಇರಲಿಲ್ಲ. ಕಂದಾಯದ ಕಡತಗಳಲ್ಲಿ ‘ಬೇಚರಾಕ್’ ಎಂದು ನಮೂದಾಗಿರುವ ಊರುಗಳು ಈ ನಾಲ್ಕೂ ತಾಲ್ಲೂಕುಗಳಲ್ಲಿವೆ. ಎಲ್ಲೆಯಿದೆ, ಹೆಸರಿದೆ, ಹಾಳು ಗುಡಿಯೊಂದಿದೆ, ದೀಪ ಹಚ್ಚುವ ಮನೆಯಿಲ್ಲ. ಅವೆಲ್ಲವೂ ದಂಡಿನಿಂದಲೇ ಹಾಳಾದುವೆನ್ನಲಾಗದು, ಬರಕ್ಕೂ ಪ್ಲೇಗಿಗೂ ಅದರಲ್ಲಿ ಪಾಲುಂಟು.

ಗಾಯವನ್ನು ಮಾಯಿಸಲು ನಡೆದ ಯತ್ನಗಳಲ್ಲಿ ಒಂದನ್ನಾದರೂ ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. ಸೆರೆಯಿಂದ ಬಿಡುಗಡೆಯಾದ ಕ್ರೈಸ್ತರನ್ನು ಒಂದುಗೂಡಿಸಲೆಂದು ಪಟ್ಟಣ ಬಿದ್ದ ಬಳಿಕ ಇಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ, ಗಂಜಾಮಿನಲ್ಲಿ ಚರ್ಚನ್ನು ಕಟ್ಟಿದನು. ಹಾಸನದ ಕಡೆಯ ಸತ್ತಿಹಳ್ಳಿ ಮೊದಲಾದ ಸ್ಥಳಗಳಲ್ಲಿ ನೆಲೆಯಿಲ್ಲದವರಿಗೆ ಬೇಸಾಯದ ಒಕ್ಕಲುಗಳನ್ನು ಏರ್ಪಡಿಸಿದನು. ಸಿಡುಬಿನ ಹೊಸ ಲಸಿಕೆಯು 1802ರಲ್ಲಿ ಮುಂಬಯಿಗೆ ಬಂದಿಳಿದ ಮೇಲೆ, 1803–04ರಲ್ಲಿ ಅವನು ಮೈಸೂರು ದೇಶದಲ್ಲಿ 25,000ಕ್ಕೂ ಹೆಚ್ಚು ಮಂದಿಗೆ ಅದನ್ನು ಹಾಕಿಸಿದನು. ಅಮ್ಮನ ಕೋಪವೆಂದು ಹೆದರುತ್ತಿದ್ದ ಜನರ ನಂಬಿಕೆ ಗಳಿಸಲು ಅರಮನೆಯೂ ಮುಂದೆ ಬಂದಿತು: 1805ರಲ್ಲಿ ಥಾಮಸ್ ಹಿಕಿ ಬರೆದ ಚಿತ್ರವೊಂದರಲ್ಲಿ ಸೆರಗನ್ನು ತುಸು ಸರಿಸಿ ತೋಳನ್ನು ತೋರುವಂತೆ ನಿಂತ ಮೈಸೂರಿನ ಎಳೆಯ ರಾಣಿಯು, ಲಸಿಕೆಯ ಪ್ರಚಾರಕ್ಕಾಗಿಯೇ ಹಾಗೆ ನಿಂತವಳೆಂದು ವಿದ್ವಾಂಸರು ಗುರುತಿಸಿದ್ದಾರೆ. ಯುದ್ಧದ ಆರು ವರ್ಷಗಳೊಳಗೆ ಇಷ್ಟಾಯಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಈಗಿನ ಕಾಲದಲ್ಲಿಯೂ ಇಂತಹ ಜನರು ನಮ್ಮ ನೆರೆಯಲ್ಲಿಯೇ ಇದ್ದಾರೆ. ಚೀನೀಯರ ಆಕ್ರಮಣದಿಂದ ಓಡಿಬಂದ ಟಿಬೆಟ್ಟಿನವರಿಗೆ 1960ರ ಸುಮಾರಿನಿಂದ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲ ಕೊಡಲಾಗಿದೆ. ಅವರ ವೈದ್ಯಪದ್ಧತಿಯಲ್ಲಿ ಭಯಶೋಕಗಳಿಂದ ಕೆರಳಿ ನಿದ್ರೆಯನ್ನೂ ಎದೆಬಡಿತವನ್ನೂ ಕೆಡಿಸುವ ವಿಕಾರಕ್ಕೆ ‘ಲುಂಗ್’ ಎಂದು ಹೆಸರು. ಅದರ ಅರ್ಥವೂ ಗಾಳಿಯೆಂದೇ. ನಮ್ಮ ಹಳ್ಳಿಯವರು ‘ಗಾಳಿ’ಯೆಂದುದೂ ಅವರು ‘ಲುಂಗ್’ ಎಂದುದೂ ಒಂದೇ ಮಾತಿಗೆ ಬಂದು ನಿಲ್ಲುವುದನ್ನು ಕಂಡಾಗ ಮನಸ್ಸು ಮಿಡಿಯುತ್ತದೆ.

ಇನ್ನು ಮೇಲುಕೋಟೆಯ ಸಂಗತಿ. ಮಂಡ್ಯಂ ಅಯ್ಯಂಗಾರ್ಯರಲ್ಲಿ ಭಾರದ್ವಾಜ ಗೋತ್ರದ ಮನೆತನಗಳವರು ನರಕಚತುರ್ದಶಿಯನ್ನು ಹಬ್ಬವಾಗಿ ಆಚರಿಸುವುದಿಲ್ಲ. ಟಿಪ್ಪುಸುಲ್ತಾನನ ಆಳ್ವಿಕೆಯಲ್ಲಿ, ಒಡೆಯರ ಮನೆತನವನ್ನು ಮರಳಿ ಪಟ್ಟಕ್ಕೇರಿಸಲು ರಾಣಿ ಲಕ್ಷ್ಮಮ್ಮಣ್ಣಿಯವರು ನಡೆಸಿದ ಸಂಧಾನಗಳಲ್ಲಿ ಈ ಸಮುದಾಯದ ತಿರುಮಲರಾಯನೂ ಅವನ ತಮ್ಮನೂ ತೊಡಗಿದ್ದುದರ ಸೇಡಿಗಾಗಿ, ಅವರ ಬಂಧುಬಳಗದವರನ್ನು ಆ ದಿನದಂದು ಕೊಲ್ಲಿಸಲಾಯಿತೆಂಬುದು ಆ ಸಮುದಾಯದ ಪರಂಪರಾಗತ ಸ್ಮೃತಿ. ಮಡಿದವರು ಏಳೆಂಟು ನೂರು ಮಂದಿಯೆಂದು ಮನೆಗಳಲ್ಲಿ ಹೇಳುತ್ತಾರೆ. ವರ್ಷ ಮತ್ತು ಸಂಖ್ಯೆಗಳಲ್ಲಿ ಚರಿತ್ರಕಾರರಿಗೆ ಒಮ್ಮತವಿಲ್ಲ. ಅದೇ ಸುಲ್ತಾನನು ಅದೇ ಊರಿನ ದೇವಸ್ಥಾನಕ್ಕೆ ಆನೆಗಳನ್ನೂ ಪಾತ್ರೆಗಳನ್ನೂ ಅರ್ಪಿಸಿದ ದಾಖಲೆಗಳೂ ಇವೆ. ಎರಡನ್ನೂ ಅರಿತು ಎರಡನ್ನೂ ಹೇಳುವುದೇ ಪ್ರಾಮಾಣಿಕತೆ.

ಸ್ಮೃತಿಯು ಆರೋಗ್ಯಕ್ಕೆ ಹಿತವೋ ಅಹಿತವೋ ಎಂಬುದು ಈ ಶಾಸ್ತ್ರದ ಕಠಿನತಮ ಪ್ರಶ್ನೆಗಳಲ್ಲೊಂದು. ಬದುಕಿ ಉಳಿದವರು ನೋವನ್ನು ಬಾಯಿಬಿಡದೆ ನುಂಗಿದ ಮನೆಗಳಲ್ಲಿ ಮಕ್ಕಳು ಕಾರಣ ತಿಳಿಯದ ದಿಗಿಲಿನಲ್ಲಿ ಬೆಳೆಯುವುದನ್ನೂ, ಹಗಲಿರುಳೂ ಅದನ್ನೇ ಹೇಳುವ ಮನೆಗಳಲ್ಲಿ ಅವರು ತಮ್ಮದಲ್ಲದ ಭಾರವನ್ನು ಹೊರುವುದನ್ನೂ ವೈದ್ಯರು ಕಂಡಿದ್ದಾರೆ. ವರ್ಷಕ್ಕೊಂದು ದಿನವನ್ನು ಶೋಕಕ್ಕೆಂದು ಎತ್ತಿಟ್ಟ ಮನೆಯು ಇವೆರಡರ ನಡುವೆ ಒಂದು ದಾರಿ ಕಂಡುಕೊಂಡಂತಿದೆ. ಆ ಬೆಳಗ್ಗೆ ನೆರೆಯ ಬೀದಿಗಳಲ್ಲೆಲ್ಲ ನೀರು ತುಂಬುವ ಹಬ್ಬದ ಹಂಡೆಗೆ ಹೂ ಸುತ್ತಿ, ನಸುಕಿಗೇ ಒಲೆ ಹೊತ್ತಿಸಿ, ಹಿರಿಯರು ಮಕ್ಕಳ ನೆತ್ತಿಗೆ ಎಣ್ಣೆಯೊತ್ತುತ್ತಿರುತ್ತಾರೆ. ಈ ಮನೆಗಳಲ್ಲಿ ಹಬ್ಬದ ಅಭ್ಯಂಜನವಿಲ್ಲ, ಬಾಗಿಲಲ್ಲಿ ಹಬ್ಬದ ದೀಪವಿಲ್ಲ. ಮನೆತನಗಳು ಮೈಸೂರಿಗೆ, ಬೆಂಗಳೂರಿಗೆ, ಕಡಲಾಚೆಗೂ ಹರಡಿದ ಮೇಲೆಯೂ ಈ ವ್ರತವನ್ನು ಬಿಡದವರಿದ್ದಾರೆ. ಅಕ್ಕಪಕ್ಕದವರ ಮಕ್ಕಳು ಪಟಾಕಿ ಹಚ್ಚುವಾಗ ತಮ್ಮ ಮನೆಯಲ್ಲಿ ಮಾತ್ರ ಏಕಿಲ್ಲವೆಂದು ಮಗುವೊಂದು ಕೇಳುತ್ತದೆ. ಅಜ್ಜಿಯು ಅದನ್ನು ಹತ್ತಿರ ಕೂರಿಸಿಕೊಂಡು, ತನ್ನ ಅಜ್ಜಿ ತನಗೆ ಹೇಳಿದ್ದಷ್ಟನ್ನು ಹೇಳುತ್ತಾಳೆ.